ಮನೆಯಂಗಳದ ಬಾವಿ: ಮರೆತ ಜಲನಿಧಿ

ಸದ್ಭಕ್ತರ ಮನೆಯಲ್ಲಿ ದಿನವು ಆರಂಭವಾಗುವುದೇ ನೀರಿನಿಂದ. ಇಷ್ಟಲಿಂಗ ಪೂಜೆಗೆ ಕುಳಿತಾಗ ಮೊದಲು ಬೇಕಾಗುವುದು ಅಗ್ಘವಣಿ. ಪೂಜೆಯ ನೀರಿಗೆ ಶರಣರು ಬಳಸಿದ ಈ ಮಾತಿನಲ್ಲಿ ಶುಚಿತ್ವದ ಭಾವವು ಅಡಗಿದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆಯನ್ನು ಕಟ್ಟಿಸಿ, ಬಾಯಾರಿದವರಿಗೆ ನೀರೊದಗಿಸುವುದೂ ಶಿವಕಾರ್ಯವೆಂದು ತೋರಿಸಿಕೊಟ್ಟರು. ಕೆರೆ ಬಾವಿಗಳನ್ನು ತೋಡಿಸುವುದು ಪುಣ್ಯವೆಂದು ನಂಬಿದ ನಾಡು ನಮ್ಮದು. ಆದರೆ ಹಿರಿಯರು ತೋಡಿಸಿಟ್ಟ ಬಾವಿಯನ್ನು ಕೆಡದಂತೆ ಕಾಪಾಡುವುದೂ ಅಷ್ಟೇ ದೊಡ್ಡ ಪುಣ್ಯವೆಂಬುದನ್ನು ನಾವು ಮರೆತಿದ್ದೇವೆ.

ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ನಾವಿದ್ದಾಗ, ಬೆಳಗಿನ ಮೊದಲ ಕಾಯಕವೇ ಬಾವಿಯಿಂದ ನೀರು ಸೇದುವುದಾಗಿತ್ತು. ಶಿವರಾತ್ರಿ ಕಳೆದು ಬಿಸಿಲೇರಿ ನೀರು ತಳ ಕಂಡಾಗ, ಹಿರಿಯ ವಿದ್ಯಾರ್ಥಿಗಳು ಬಾವಿಗಿಳಿದು ಹೂಳೆತ್ತುತ್ತಿದ್ದರು. ಬಿದ್ದ ಕೊಡಗಳನ್ನು ಪಾತಾಳಗರಡಿ ಬಿಟ್ಟು ತೆಗೆಯುತ್ತಿದ್ದರು. ಬಾವಿಕಟ್ಟೆಯ ಮೇಲೆ ಯಾರಾದರೂ ಬಟ್ಟೆ ಒಗೆದರೆ ಹಿರಿಯ ಸ್ವಾಮಿಗಳು ಗದರಿಸುತ್ತಿದ್ದರು. ಅದು ಬರಿಯ ಮಡಿಯ ಮಾತಲ್ಲ, ಆರೋಗ್ಯದ ಮಾತೆಂದು ನಮಗೆ ತಿಳಿದದ್ದು ಬಹಳ ವರ್ಷಗಳ ಬಳಿಕ.

ಮೈಸೂರು ನಗರವು ನದಿಯ ದಂಡೆಯ ಊರಲ್ಲ. ಕಾವೇರಿಯನ್ನು ಇಲ್ಲಿಗೆ ತರಬೇಕೆಂದು ದಿವಾನ್ ಪೂರ್ಣಯ್ಯನವರು ನಾಲೆ ತೋಡಿಸಲು ಹೊರಟರು. ಕೆಲಸ ಪೂರೈಸಲಿಲ್ಲ, ಪೂರ್ಣಯ್ಯ ನಾಲೆಯೆಂಬ ಹೆಸರು ಮಾತ್ರ ಉಳಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಲಿಂಗಾಂಬುಧಿ ಕೆರೆಯನ್ನೂ, 1864ರಲ್ಲಿ ಕುಕ್ಕರಹಳ್ಳಿ ಕೆರೆಯನ್ನೂ ಕಟ್ಟಿಸಿದರು. ಕೆರೆಯಲ್ಲಿ ನಿಂತ ನೀರು ನೆಲದೊಳಗಿಂಗಿ ಕೆಳಗಿನ ಬೀದಿಗಳ ಬಾವಿಗಳಿಗೆ ಒರತೆಯಾಗುತ್ತಿತ್ತು. 1896ರಲ್ಲಿ ವಾಣಿ ವಿಲಾಸ ನೀರು ಸರಬರಾಜು ವ್ಯವಸ್ಥೆ ಬಂದ ಮೇಲೆ ಕಾಲಕ್ರಮದಲ್ಲಿ ಮನೆಮನೆಗೆ ಕೊಳಾಯಿ ಬಂದಿತು. ಕೊಳಾಯಿ ಬಂದದ್ದು ಒಳಿತೇ. ಆದರೆ ಅಂದಿನಿಂದ ಬಾವಿಯ ರಾಟೆ ನಿಂತಿತು, ಅನೇಕ ಬಾವಿಗಳು ಕಸದ ಗುಂಡಿಗಳಾದವು.

ಇದರಿಂದಾಗುವ ಅಪಾಯವನ್ನು ಅರಿಯಬೇಕಾದರೆ ನೆಲದಡಿಯ ರಚನೆಯನ್ನು ತಿಳಿಯಬೇಕು. ಈ ಸೀಮೆಯ ಮಣ್ಣಿನ ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಶಿಲೆ. ಅದರ ಮೇಲ್ಪದರವು ಶಿಥಿಲವಾಗಿ ಮೆದುವಾಗಿರುವುದರಿಂದ ಮಳೆಯ ನೀರು ಅಲ್ಲಿ ನಿಲ್ಲುತ್ತದೆ. ತೆರೆದ ಬಾವಿಗೆ ಸೆಲೆಯೊಡೆಯುವುದು ಅಲ್ಲಿಂದಲೇ. ಕೊಳವೆ ಬಾವಿಯಾದರೋ ಇನ್ನೂ ಕೆಳಗಿಳಿದು ಬಂಡೆಯ ಬಿರುಕುಗಳ ನೀರನ್ನು ಸೆಳೆಯುತ್ತದೆ. ಬಿರುಕು ಬರಿದಾದಂತೆ ಮೇಲ್ಪದರದ ನೀರು ಕೆಳಗಿಳಿಯುತ್ತದೆ, ನೆರೆಮನೆಯ ಬಾವಿ ಬತ್ತುತ್ತದೆ. ಅದೇ ಹಾದಿಯಲ್ಲಿ ಹೊಲಸೂ ಇಳಿಯುತ್ತದೆ. ಕಸ ತುಂಬಿದ ಹಾಳುಬಾವಿಯು ಇಡೀ ಬೀದಿಯ ಅಂತರ್ಜಲಕ್ಕೆ ವಿಷವನ್ನು ಹಾಯಿಸುವ ತೂಬಾಗುತ್ತದೆ.

ಇದು ಬರಿಯ ಹೆದರಿಕೆಯ ಮಾತಲ್ಲ. 2024ರ ಮೇ ತಿಂಗಳಲ್ಲಿ ನಮ್ಮ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿ ಗ್ರಾಮದಲ್ಲಿ ಕಲುಷಿತ ನೀರು ಸೇವಿಸಿ ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಬಾಳಿ ಬದುಕಬೇಕಾದ ತರುಣನೊಬ್ಬನು ಪ್ರಾಣ ಕಳೆದುಕೊಂಡನು. ನಗರದ ಅಂಚಿನಲ್ಲಿಯೇ ಹೀಗಾಯಿತೆಂಬುದನ್ನು ಪ್ರತಿಯೊಂದು ಕುಟುಂಬವೂ ನೆನಪಿನಲ್ಲಿಡಬೇಕು.

ಕೆಲವು ವರ್ಷಗಳ ಹಿಂದೆ ಹಳೆಯ ಬಡಾವಣೆಯೊಂದರ ಭಕ್ತರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಮನೆಯ ತಾಯಿಯವರು, "ಬುದ್ಧಿ, ಬಾವಿಯ ನೀರು ವಾಸನೆ ಬರುತ್ತಿದೆ, ಮಕ್ಕಳಿಗೆ ಮತ್ತೆ ಮತ್ತೆ ಭೇದಿಯಾಗುತ್ತಿದೆ" ಎಂದು ಕಣ್ಣೀರಿಟ್ಟರು. ಹಿತ್ತಲಿಗೆ ಹೋಗಿ ನೋಡಿದರೆ, ಬಾವಿಗೆ ಹತ್ತೇ ಹೆಜ್ಜೆಯಲ್ಲಿ ಹೊಸದಾಗಿ ಶೌಚದ ಗುಂಡಿಯನ್ನು ತೋಡಿಸಿದ್ದರು. ಮನೆಯ ಯಜಮಾನರು ಗುಂಡಿಯನ್ನು ಮುಚ್ಚಿಸಿ ಒಳಚರಂಡಿಗೆ ಸಂಪರ್ಕ ಪಡೆದರು; ಬಾವಿಯ ನೀರೆಲ್ಲವನ್ನೂ ಹೊರಹಾಕಿ, ಹೂಳೆತ್ತಿಸಿ, ಔಷಧಿ ಹಾಕಿಸಿದರು. ಪರೀಕ್ಷೆಯಲ್ಲಿ ನೀರು ಶುದ್ಧವೆಂದು ತಿಳಿಯುವವರೆಗೂ ಕುಡಿಯಲು ಅದನ್ನು ಬಳಸಲಿಲ್ಲ. ತಪ್ಪು ಯಾರ ದುರುದ್ದೇಶದಿಂದಲೂ ಆದುದಲ್ಲ, ಅಜ್ಞಾನದಿಂದ ಆದುದು.

ಆದುದರಿಂದ ಗೃಹಸ್ಥರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ. ಶೌಚದ ಗುಂಡಿ, ತಿಪ್ಪೆ, ದನದ ಕೊಟ್ಟಿಗೆ, ಬಚ್ಚಲ ನೀರಿನ ಗುಂಡಿ ಇವು ಬಾವಿಯಿಂದ 15 ಮೀಟರಿಗಿಂತ, ಎಂದರೆ ಸುಮಾರು 50 ಅಡಿಗಿಂತ, ದೂರವಿರಬೇಕು. ಬಾವಿಯ ಮೇಲ್ಭಾಗದ 6 ಮೀಟರ್ ಗೋಡೆಯು ನೀರು ಸೋರದಂತೆ ಗಾರೆಯಾಗಿರಬೇಕು. ಸುತ್ತ ಒಂದು ಮೀಟರ್ ಅಗಲದ, ಹೊರಗೆ ಇಳಿಜಾರಾದ ಕಟ್ಟೆ ಇರಬೇಕು. ಚೆಲ್ಲಿದ ನೀರು ಹರಿದುಹೋಗಲು ಮೋರಿ ಇರಬೇಕು. ಬಾಯಿಗೆ ಮುಚ್ಚಳವಿದ್ದರೆ ಎಲೆ, ಧೂಳು, ಪ್ರಾಣಿಗಳು ಬೀಳುವುದಿಲ್ಲ, ಮಕ್ಕಳಿಗೂ ಕ್ಷೇಮ.

ಔಷಧಿ ಹಾಕುವ ಕ್ರಮವೂ ಸುಲಭ. ಒಳ್ಳೆಯ ಬ್ಲೀಚಿಂಗ್ ಪುಡಿಯು ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು. ಒಂದೂವರೆ ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 7,000 ಲೀಟರ್; ಅದಕ್ಕೆ 17-18 ಗ್ರಾಂ ಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು, ತಳದ ಸುಣ್ಣವನ್ನು ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ ಚೆನ್ನಾಗಿ ಕಲಕಬೇಕು. ಒಂದು ಗಂಟೆಯವರೆಗೆ ನೀರು ಸೇದಬಾರದು. ರಾತ್ರಿ ಇದನ್ನು ಮಾಡುವುದು ಉತ್ತಮ.

ಕುದಿಸಿದರೆ ಎಲ್ಲ ದೋಷವೂ ಹೋಗುವುದೆಂದು ಕೆಲವರು ತಿಳಿದಿದ್ದಾರೆ. ರೋಗಾಣುಗಳು ಸಾಯುವುದು ನಿಜ; ಆದರೆ ಹೊಲಸಿನಿಂದಲೂ ಗೊಬ್ಬರದಿಂದಲೂ ಸೇರುವ ನೈಟ್ರೇಟ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ. ಅದು ಹಸುಗೂಸುಗಳಿಗೆ ವಿಶೇಷವಾಗಿ ಅಪಾಯಕರ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು, ಫ್ಲೋರೈಡ್ ಒಂದೂವರೆ ಮಿಲಿಗ್ರಾಂ ಮೀರಲೇಬಾರದು. ಇದು ಕಣ್ಣಿಗೂ ನಾಲಿಗೆಗೂ ತಿಳಿಯದು. ಆದುದರಿಂದ ವರ್ಷಕ್ಕೊಮ್ಮೆಯಾದರೂ, ಮಳೆಗಾಲ ಮುಗಿದ ಮೇಲೆ, ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷಿಸಿಕೊಳ್ಳಬೇಕು.

ನೀರಿನ ಶುದ್ಧಿಯಷ್ಟೇ ಅದರ ಮರುಪೂರಣವೂ ಮುಖ್ಯ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 780 ಮಿಲಿಮೀಟರ್ ಮಳೆಯಾಗುತ್ತದೆ. ನೂರು ಚದರ ಮೀಟರಿನ ತಾರಸಿಯ ಮೇಲೆ ಬೀಳುವ ನೀರು 78,000 ಲೀಟರ್! ಅಷ್ಟನ್ನೂ ಮೋರಿಗೆ ಬಿಟ್ಟು, ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ಕೊಡುವುದು ಯಾವ ಜಾಣತನ? ತಾರಸಿಯನ್ನು ಗುಡಿಸಿ, ಮೊದಲ ಮಳೆಯನ್ನು ಹೊರಬಿಟ್ಟು, ಉಳಿದುದನ್ನು ಜಲ್ಲಿ ಮರಳಿನಲ್ಲಿ ಸೋಸಿ ಇಂಗುಗುಂಡಿಗೆ ಬಿಡಬಹುದು. ಅಂಗಳದ, ಬೀದಿಯ ನೀರನ್ನು ಮಾತ್ರ ಬಾವಿಗೆ ಬಿಡಬಾರದು. ಇನ್ನು, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೋಡಬಾರದೆಂದು 1999ರ ರಾಜ್ಯದ ಕಾಯಿದೆಯು ವಿಧಿಸಿದೆ. ನೆರೆಯವನ ಒರತೆಯನ್ನು ಕಸಿಯಬಾರದೆಂಬ ಧರ್ಮವೇ ಇಲ್ಲಿ ಕಾನೂನಾಗಿದೆ.

ಶರಣ ಬಂಧುಗಳೇ, ಮುಂಗಾರಿಗೆ ಮುನ್ನ ಒಂದು ದಿನ ನಿಮ್ಮ ಹಿತ್ತಲಿನ ಬಾವಿಯ ಮುಚ್ಚಳವನ್ನು ತೆರೆದು ನೋಡಿರಿ. ಕಸವಿದ್ದರೆ ತೆಗೆಸಿರಿ, ಕಟ್ಟೆ ಒಡೆದಿದ್ದರೆ ಕಟ್ಟಿಸಿರಿ. ಆದರೆ ವಿಷವಾಯು ಇರಬಹುದಾದುದರಿಂದ, ಅನುಭವಿಗಳಲ್ಲದವರು ಹಾಳುಬಾವಿಗೆ ಇಳಿಯಬೇಡಿರಿ. ನಮ್ಮ ಹಿರಿಯರು ನಮಗೆ ತಿಳಿನೀರನ್ನು ಬಿಟ್ಟುಹೋದರು; ನಾವು ಮೊಮ್ಮಕ್ಕಳಿಗೆ ಏನನ್ನು ಬಿಟ್ಟುಹೋಗುತ್ತೇವೆಂಬುದನ್ನು ಆ ಬಾವಿಕಟ್ಟೆಯ ಮೇಲೆ ನಿಂತು ಯೋಚಿಸಿರಿ.