ಕ್ರಿಯಾತ್ಮಕ ಚಲನಾ ಅಸ್ವಸ್ಥತೆ: ಪುನರ್ವಸತಿಯಲ್ಲಿ ಗ್ರಾಮ ಪಂಚಾಯತಿಯ ಪಾತ್ರ

ಗ್ರಾಮ ಪಂಚಾಯತಿಗೆ ಬರುವ ವಿಕಲಚೇತನರ ಅರ್ಜಿಗಳ ನಡುವೆ ಆಗೊಮ್ಮೆ ಈಗೊಮ್ಮೆ ಬರುವ ಒಂದು ಬಗೆಯ ಅರ್ಜಿ ಸದಸ್ಯರನ್ನು ಗೊಂದಲಕ್ಕೀಡುಮಾಡುತ್ತದೆ. ಅರ್ಜಿದಾರರ ಕಾಲು ಎಳೆಯುತ್ತದೆ, ಇಲ್ಲವೇ ಕೈ ನಡುಗುತ್ತದೆ, ಇಲ್ಲವೇ ಪಾದ ಒಳಕ್ಕೆ ತಿರುಚಿಕೊಂಡಿರುತ್ತದೆ. ಆದರೆ ಸ್ಕ್ಯಾನಿಂಗ್ ವರದಿಯಲ್ಲಿ ಯಾವ ದೋಷವೂ ಕಂಡುಬಂದಿಲ್ಲವೆಂದು ಬರೆದಿರುತ್ತದೆ. ಊರಿನಲ್ಲಿ ಕೆಲವರು ಇದನ್ನು ನಾಟಕವೆನ್ನುತ್ತಾರೆ, ಕೆಲವರು ಗಾಳಿ ಸೋಕಿದೆ ಎನ್ನುತ್ತಾರೆ, ಕನಿಕರವುಳ್ಳವರು ಗಾಲಿಕುರ್ಚಿ ಮಂಜೂರು ಮಾಡಿಬಿಡಿ ಎನ್ನುತ್ತಾರೆ. ಈ ಮೂರು ಅಭಿಪ್ರಾಯಗಳೂ ಅರ್ಜಿದಾರರಿಗೆ ಹಾನಿ ಮಾಡಬಲ್ಲವು, ಮೂರನೆಯದು ಕೂಡ.

ಇಂತಹ ತೊಂದರೆಗಳಲ್ಲಿ ಒಂದು ಪ್ರಮುಖ ವರ್ಗಕ್ಕೆ ವೈದ್ಯರು ‘ಫಂಕ್ಷನಲ್ ಮೂವ್‌ಮೆಂಟ್ ಡಿಸಾರ್ಡರ್’ ಎಂಬ ಹೆಸರನ್ನು ಬಳಸುತ್ತಾರೆ. ಕನ್ನಡದಲ್ಲಿ ಇದನ್ನು ಕ್ರಿಯಾತ್ಮಕ ಚಲನಾ ಅಸ್ವಸ್ಥತೆ ಎನ್ನಬಹುದು. ಕೊಳವೆಬಾವಿಯ ಉದಾಹರಣೆಯಿಂದ ಇದು ಸುಲಭವಾಗಿ ಅರ್ಥವಾಗುತ್ತದೆ. ಮೋಟಾರು ನಿಂತಾಗ ಅದರ ಸುರುಳಿ ಸುಟ್ಟಿರಬಹುದು ಅಥವಾ ಕೇಬಲ್ ತುಂಡಾಗಿರಬಹುದು. ಇವೆರಡೂ ಸರಿಯಿದ್ದು, ಸ್ಟಾರ್ಟರ್ ಪೆಟ್ಟಿಗೆಯ ರಿಲೇ ಮಾತ್ರ ಅಕಾರಣವಾಗಿ ಟ್ರಿಪ್ ಆಗುತ್ತಿರಲೂಬಹುದು. ಆಗಲೂ ಊರಿಗೆ ನೀರು ಬರುವುದಿಲ್ಲ. ನೀರಿಲ್ಲ ಎನ್ನುವವರ ದೂರು ಸುಳ್ಳಲ್ಲ. ಆದರೆ ಮೋಟಾರನ್ನು ಮೇಲೆತ್ತಿ ಬಿಚ್ಚಿ ನೋಡಿದರೆ ದೋಷ ಸಿಗುವುದಿಲ್ಲ. ಈ ಅಸ್ವಸ್ಥತೆಯಲ್ಲಿಯೂ ಮೆದುಳು, ನರ, ಸ್ನಾಯುಗಳ ರಚನೆಗೆ ಪೆಟ್ಟಾಗಿರುವುದಿಲ್ಲ; ಚಲನೆಯನ್ನು ಆರಂಭಿಸುವ ಮತ್ತು ನಿಯಂತ್ರಿಸುವ ವ್ಯವಸ್ಥೆ ಹಾದಿ ತಪ್ಪಿರುತ್ತದೆ. ಬಿದ್ದ ಪೆಟ್ಟು, ಶಸ್ತ್ರಚಿಕಿತ್ಸೆ, ಜ್ವರ, ಆಘಾತ ಮುಂತಾದವುಗಳ ನಂತರ ಇದು ಕಾಣಿಸಿಕೊಳ್ಳಬಹುದು. ಮಾನಸಿಕ ಒತ್ತಡ ಕೆಲವರಲ್ಲಿ ಕಾರಣದ ಒಂದು ಭಾಗವಾಗಿರುತ್ತದೆ, ಎಲ್ಲರಲ್ಲಿಯೂ ಅಲ್ಲ. ಆದ್ದರಿಂದ ‘ಮನೆಯಲ್ಲಿ ಏನೋ ಜಗಳವಿರಬೇಕು’ ಎಂದು ಊಹಿಸಿ ಕುಟುಂಬವನ್ನು ವಿಚಾರಣೆಗೆ ಒಳಪಡಿಸುವುದು ಸಲ್ಲದು.

ಇದು ನಟನೆಯಲ್ಲವೆಂಬುದಕ್ಕೆ ಆಧಾರಗಳಿವೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಾನಾಗಿ ಬರುವ ನಡುಕವನ್ನೂ ಅದೇ ರೋಗಿಗಳು ಬೇಕೆಂದೇ ಮಾಡಿ ತೋರಿಸಿದ ನಡುಕವನ್ನೂ ಮೆದುಳಿನ ಸ್ಕ್ಯಾನಿಂಗ್‌ನಲ್ಲಿ ಹೋಲಿಸಲಾಯಿತು. ‘ಈ ಚಲನೆಯನ್ನು ಮಾಡುತ್ತಿರುವುದು ನಾನೇ’ ಎಂಬ ಅರಿವಿಗೆ ಸಂಬಂಧಿಸಿದ ಮೆದುಳಿನ ಭಾಗವು ತಾನಾಗಿ ಬರುವ ನಡುಕದ ವೇಳೆ ಕಡಿಮೆ ಸಕ್ರಿಯವಾಗಿತ್ತು. ಸಾಮಾನ್ಯ ಸ್ಕ್ಯಾನಿಂಗ್ ರಚನೆಯನ್ನು ಮಾತ್ರ ತೋರಿಸುವುದರಿಂದ ಇಂತಹ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ.

ರೋಗವನ್ನು ಗುರುತಿಸುವುದು ನರರೋಗ ತಜ್ಞರ ಕೆಲಸ. ವರದಿ ಸಹಜವಾಗಿದೆ ಎಂಬ ಒಂದೇ ಕಾರಣಕ್ಕೆ ಅವರೂ ಈ ಹೆಸರನ್ನು ಕೊಡುವುದಿಲ್ಲ. ದೇಹದ ಪರೀಕ್ಷೆಯಲ್ಲಿ ನಿರ್ದಿಷ್ಟ ಚಿಹ್ನೆಗಳು ಸಿಗಬೇಕು. ಅವುಗಳಲ್ಲಿ ಪ್ರಸಿದ್ಧವಾದುದು 1908ರಲ್ಲಿ ವೈದ್ಯ ಹೂವರ್ ವಿವರಿಸಿದ ಪರೀಕ್ಷೆ. ಅಂಗಾತ ಮಲಗಿದ ರೋಗಿಗೆ ಬಲಹೀನವಾದ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತುವಂತೆ ಹೇಳಿದರೆ ಬಲವೇ ಬರುವುದಿಲ್ಲ. ಆದರೆ ಇನ್ನೊಂದು ಕಾಲನ್ನು ಮೇಲೆತ್ತುವಂತೆ ಹೇಳಿದಾಗ ಬಲಹೀನ ಕಾಲಿನ ಹಿಮ್ಮಡಿ ತಾನಾಗಿಯೇ ಹಾಸಿಗೆಯನ್ನು ಒತ್ತುತ್ತದೆ. ಅಂದರೆ ಗಮನವಿಟ್ಟು ಮಾಡಲು ಹೋದಾಗ ಸಿಗದ ಬಲ, ಗಮನ ಬೇರೆಡೆ ಇರುವಾಗ ಸಿಗುತ್ತದೆ. ಉತ್ತಮ ತಜ್ಞರು ಇದನ್ನು ರೋಗಿಯನ್ನು ಸಿಕ್ಕಿಹಾಕಿಸಲು ಬಳಸುವುದಿಲ್ಲ. ರೋಗಿಗೇ ತೋರಿಸಿ, ‘ನಿಮ್ಮ ಕಾಲಿನ ಬಲ ಹೋಗಿಲ್ಲ, ಅದನ್ನು ಮರಳಿ ಪಡೆಯಬಹುದು’ ಎಂದು ವಿವರಿಸುತ್ತಾರೆ. ಚಿಕಿತ್ಸೆ ಆರಂಭವಾಗುವುದೇ ಈ ವಿವರಣೆಯಿಂದ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಠಾತ್ತನೆ ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಪಾರ್ಶ್ವದ ಕೈಕಾಲು ಸ್ವಾಧೀನ ತಪ್ಪಿದರೆ ಅದನ್ನು ಪಾರ್ಶ್ವವಾಯುವೆಂದೇ ಭಾವಿಸಿ ತಕ್ಷಣ 108 ವಾಹನದಲ್ಲಿ ಆಸ್ಪತ್ರೆಗೆ ಸೇರಿಸಬೇಕು. ರಕ್ತದ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗುತ್ತದೆ. ಇದು ಕ್ರಿಯಾತ್ಮಕವೋ ಅಲ್ಲವೋ ಎಂಬ ಚರ್ಚೆ ಪಂಚಾಯತಿ ಕಟ್ಟೆಯ ಮೇಲೆ ನಡೆಯತಕ್ಕದ್ದಲ್ಲ.

ಪುನರ್ವಸತಿ ಎಂದರೆ ಚಲನೆಯ ಮರುತರಬೇತಿ. ಫಿಸಿಯೋಥೆರಪಿಸ್ಟರು ಬಲಹೀನ ಅಂಗದ ಮೇಲೆ ರೋಗಿಯ ದೃಷ್ಟಿ ನೆಡದಂತೆ ಚಲನೆಯನ್ನು ಹೊರತರುತ್ತಾರೆ. ಮುಂದಕ್ಕೆ ಹೆಜ್ಜೆಯಿಡಲಾರದವರು ಹಿಂದಕ್ಕೆ ನಡೆಯಬಲ್ಲವರಾಗಿರಬಹುದು. ಪಾದವನ್ನು ಎತ್ತಲಾರದವರು ನೆಲದ ಮೇಲೆ ಜಾರಿಸಬಲ್ಲವರಾಗಿರಬಹುದು. ದೇಹದ ಭಾರವನ್ನು ಎಡಕ್ಕೂ ಬಲಕ್ಕೂ ತೂಗುತ್ತ, ತಾಳಕ್ಕೆ ಹೆಜ್ಜೆ ಹಾಕಿಸುತ್ತ ಸಹಜ ನಡಿಗೆಯತ್ತ ಕರೆದೊಯ್ಯಲಾಗುತ್ತದೆ. ಕೈ ನಡುಗುವವರಿಗೆ ಇನ್ನೊಂದು ಕೈಯಿಂದ ನಿಧಾನವಾಗಿ ತಾಳ ಹಾಕಿಸಿದಾಗ ನಡುಕ ಆ ತಾಳಕ್ಕೆ ಹೊಂದಿಕೊಳ್ಳುತ್ತದೆ ಅಥವಾ ನಿಲ್ಲುತ್ತದೆ. ಇದರ ಜೊತೆಗೆ ನೋವು, ನಿದ್ರಾಹೀನತೆ, ಆಯಾಸ, ಖಿನ್ನತೆಗಳಿದ್ದರೆ ಅವುಗಳಿಗೂ ಚಿಕಿತ್ಸೆ ಬೇಕು.

ಫಲಿತಾಂಶಗಳ ಬಗ್ಗೆ ಅತಿಯಾದ ಭರವಸೆ ನೀಡುವುದು ಸರಿಯಲ್ಲ. ಬ್ರಿಟನ್ನಿನಲ್ಲಿ 60 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಐದು ದಿನಗಳ ವಿಶೇಷ ಫಿಸಿಯೋಥೆರಪಿ ಪಡೆದವರಲ್ಲಿ ಆರು ತಿಂಗಳ ನಂತರ ಶೇ. 72ರಷ್ಟು ಮಂದಿ ಸುಧಾರಿಸಿದ್ದರು. ಸಾಮಾನ್ಯ ಫಿಸಿಯೋಥೆರಪಿ ಪಡೆದವರಲ್ಲಿ ಈ ಪ್ರಮಾಣ ಶೇ. 18. ಆದರೆ 2024ರಲ್ಲಿ ಪ್ರಕಟವಾದ, 355 ರೋಗಿಗಳನ್ನೊಳಗೊಂಡ ದೊಡ್ಡ ಪ್ರಯೋಗದಲ್ಲಿ ದೈಹಿಕ ಸಾಮರ್ಥ್ಯದ ಮುಖ್ಯ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಮ್ಮ ಚಲನೆ ಸುಧಾರಿಸಿದೆ ಎಂದು ಹೇಳಿದವರು ಮಾತ್ರ ವಿಶೇಷ ತರಬೇತಿ ಪಡೆದ ಗುಂಪಿನಲ್ಲಿಯೇ ಹೆಚ್ಚಾಗಿದ್ದರು. ಎಲ್ಲರೂ ಪೂರ್ಣ ಗುಣಮುಖರಾಗುವುದಿಲ್ಲ, ಕೆಲವರಲ್ಲಿ ತೊಂದರೆ ಮರುಕಳಿಸುತ್ತದೆ. ಬೇಗ ಗುರುತಿಸಿದಷ್ಟೂ ಸುಧಾರಣೆಯ ಸಾಧ್ಯತೆ ಹೆಚ್ಚು. ಹಳ್ಳಿಗಳಲ್ಲಿ ಕೈತಪ್ಪುವುದು ಸಾಮಾನ್ಯವಾಗಿ ಈ ಆರಂಭದ ಕಾಲವೇ.

ಗಾಲಿಕುರ್ಚಿಯ ವಿಷಯಕ್ಕೆ ಬಂದರೆ, ವಿಕಲಚೇತನರ ಕಲ್ಯಾಣಕ್ಕೆ ಮೀಸಲಾದ ಶೇ. 5ರ ನಿಧಿಯನ್ನು ಸಾಧನ ಸಲಕರಣೆಗಳಿಗೆ ವೆಚ್ಚ ಮಾಡುವುದು ರೂಢಿಯಲ್ಲಿದೆ; ಲೆಕ್ಕಪರಿಶೋಧನೆಗೂ ಅದು ಅನುಕೂಲ. ಪೋಲಿಯೋ ಅಥವಾ ಬೆನ್ನುಹುರಿಯ ಪೆಟ್ಟಿನಿಂದ ಕಾಲಿನ ಬಲ ಕಳೆದುಕೊಂಡವರಿಗೆ ಗಾಲಿಕುರ್ಚಿ ಸ್ವಾತಂತ್ರ್ಯ ಕೊಡುತ್ತದೆ. ಮರುತರಬೇತಿಯ ಹಂತದಲ್ಲಿರುವ ಈ ರೋಗಿಗಳಿಗಾದರೋ ಅವಸರದಲ್ಲಿ ಕೊಟ್ಟ ಕುರ್ಚಿ, ಊರುಗೋಲು ಅಥವಾ ಪಟ್ಟಿಯು ತಪ್ಪು ಚಲನೆಯನ್ನೇ ಅಭ್ಯಾಸವಾಗಿಸಬಹುದು. ತಿರುಚಿಕೊಂಡ ಪಾದಕ್ಕೆ ಪ್ಲಾಸ್ಟರ್ ಹಾಕಿದರೆ ತೊಂದರೆ ಉಲ್ಬಣಿಸುವುದೂ ಉಂಟು. ಹಾಗೆಂದು ನಿರಾಕರಣೆಯೇ ನಿಯಮವಾಗಬಾರದು: ಬಿದ್ದು ಪೆಟ್ಟಾಗುವ ಅಪಾಯವಿರುವವರಿಗೆ, ದೀರ್ಘಕಾಲ ಸುಧಾರಣೆ ಕಾಣದವರಿಗೆ ಸಾಧನ ಬೇಕಾಗುತ್ತದೆ. ಮಂಜೂರಾತಿಗೆ ಮೊದಲು ಫಿಸಿಯೋಥೆರಪಿಸ್ಟರ ಲಿಖಿತ ಅಭಿಪ್ರಾಯವನ್ನು ಕಡತದಲ್ಲಿಡುವುದು ಸೂಕ್ತ. ಮನೆಯಿಂದ ಶೌಚಾಲಯದವರೆಗಿನ ಹಾದಿಯನ್ನು ಸಮತಟ್ಟು ಮಾಡಿ ಒಂದು ಹಿಡಿಕಂಬಿ ಅಳವಡಿಸುವುದು ಹಲವು ಸಂದರ್ಭಗಳಲ್ಲಿ ಕುರ್ಚಿಗಿಂತ ಉಪಯುಕ್ತ.

ಪ್ರಮಾಣಪತ್ರದ ತೊಡಕೂ ಇದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಅನುಸೂಚಿಯಲ್ಲಿ ಪಟ್ಟಿಮಾಡಿದ ವೈಕಲ್ಯಗಳಲ್ಲಿ ಈ ಅಸ್ವಸ್ಥತೆಯ ಹೆಸರು ಪ್ರತ್ಯೇಕವಾಗಿ ಇಲ್ಲ. ವೈಕಲ್ಯದ ಪ್ರಮಾಣವನ್ನು ನಿರ್ಧರಿಸುವುದು ವೈದ್ಯಕೀಯ ಪ್ರಾಧಿಕಾರ, ಯು.ಡಿ.ಐ.ಡಿ. ಕಾರ್ಡಿನ ಅರ್ಜಿಯನ್ನು ಗ್ರಾಮ ಪಂಚಾಯತಿ ಮಟ್ಟದಲ್ಲಿಯೇ ತಡೆಯುವ ಅಧಿಕಾರ ಯಾರಿಗೂ ಇಲ್ಲ. ಕಾರ್ಡು ಬರುವ ಮೊದಲೂ ಉದ್ಯೋಗ ಖಾತರಿಯ ಕಾಮಗಾರಿಯಲ್ಲಿ ನೀರು ಕೊಡುವ, ಮಕ್ಕಳನ್ನು ನೋಡಿಕೊಳ್ಳುವಂತಹ ಹಗುರ ಕೆಲಸವನ್ನು ಒದಗಿಸಬಹುದು. ಕೆಲಸಕ್ಕೆ ಮರಳುವುದೇ ಚಿಕಿತ್ಸೆಯ ಭಾಗ.

ಗಾಳಿ ಬಿಡಿಸುವ ಹೆಸರಿನಲ್ಲಿ ಕಟ್ಟಿಹಾಕಿ ಹೊಡೆಯುವುದು 2017ರ ಮಾಟಮಂತ್ರ ಮತ್ತು ಅಮಾನವೀಯ ದುಷ್ಟಪದ್ಧತಿಗಳ ತಡೆ ಅಧಿನಿಯಮದಡಿ ಅಪರಾಧ. ದೇವರಿಗೆ ಹರಕೆ ಹೊತ್ತುಕೊಳ್ಳುವ ಕುಟುಂಬದೊಡನೆ ವಾದಕ್ಕಿಳಿಯುವ ಅಗತ್ಯವಿಲ್ಲ. ಹರಕೆಯ ಜೊತೆಗೇ ಆಸ್ಪತ್ರೆಗೂ ಹೋಗುವಂತೆ ಮಾಡಿದರೆ ಸಾಕು. ರೋಗದ ವಿವರವನ್ನು ಗ್ರಾಮಸಭೆಯಲ್ಲಿ ಓದಿಹೇಳುವಂತಿಲ್ಲ.

ಆಶಾ ಕಾರ್ಯಕರ್ತೆ ಅಥವಾ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ, ಅವಶ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಕಳುಹಿಸಿಕೊಡಬಹುದು. ಆತಂಕ, ಖಿನ್ನತೆ ಇದ್ದವರಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ನೆರವಿದೆ. ಇಡೀ ದೇಶದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ದೂರವಾಣಿಯಲ್ಲಿ ಆಪ್ತಸಲಹೆಗೆ ಟೆಲಿ ಮಾನಸ್ ಸಂಖ್ಯೆ 14416. ತಜ್ಞರ ಬಳಿ ಹೋಗುವಾಗ ಹಳೆಯ ವರದಿಗಳೆಲ್ಲವನ್ನೂ, ಅರ್ಜಿದಾರರ ಒಪ್ಪಿಗೆಯಿದ್ದರೆ ಅವರ ನಡಿಗೆ ಅಥವಾ ನಡುಕದ ಒಂದೆರಡು ನಿಮಿಷಗಳ ಮೊಬೈಲ್ ವಿಡಿಯೊವನ್ನೂ ಒಯ್ಯುವಂತೆ ತಿಳಿಸಬೇಕು. ತೊಂದರೆ ದಿನದಿಂದ ದಿನಕ್ಕೆ ಏರಿಳಿಯುವುದರಿಂದ, ಪರೀಕ್ಷೆಯ ದಿನ ಅದು ಕಾಣಿಸದೇ ಹೋಗಬಹುದು.