ನಿಮಗಿದು ಗೊತ್ತೆ? ಹಡಗಿನ ದೀಪ ಆರಿದ ಮೇಲೆ ಓದುಗರ ದೀಪ

ಮಂಗಳೂರಿನ ಬಾವುಟಗುಡ್ಡದ ಹಳೆಯ ದೀಪಸ್ತಂಭ ಒಂದು ಕಾಲದಲ್ಲಿ ಅರಬ್ಬಿ ಸಮುದ್ರದ ಹಡಗುಗಳಿಗೆ ದಾರಿ ತೋರುತ್ತಿತ್ತು. ಟಿಪ್ಪು ಕಾಲದ್ದೆಂಬ ಮಾತು ಊರಿನಲ್ಲಿದೆ. ದೀಪ ಆರಿದ ಮೇಲೆ ಸುತ್ತ ಟ್ಯಾಗೋರ್ ಪಾರ್ಕ್ ಬೆಳೆಯಿತು, ಕಟ್ಟಡದ ನೆಲಮಹಡಿ ಸಾರ್ವಜನಿಕ ವಾಚನಾಲಯವಾಯಿತು. ಹಳೆಯ ಕಟ್ಟಡಕ್ಕೆ ಇದಕ್ಕಿಂತ ಒಳ್ಳೆಯ ಮರುಬಳಕೆ ಬೇಕೆ?

ಗುಡ್ಡದ ಇತಿಹಾಸ ದೀಪಕ್ಕಷ್ಟೇ ಸೀಮಿತವಲ್ಲ. 1837ರ ಏಪ್ರಿಲ್ 5ರಂದು ಅಮರಸುಳ್ಯ ದಂಗೆಯ ರೈತರು ಇಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದರು. 13 ದಿನ ಮಂಗಳೂರು ಅವರ ಕೈಯಲ್ಲಿತ್ತು! ಆ ಹೋರಾಟದ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರ ನವೆಂಬರ್‌ನಲ್ಲಿ ಇಲ್ಲೇ ಸ್ಥಾಪನೆಯಾಯಿತು.

ರಾಮನಾಥಪುರ, ಅರಕಲಗೂಡು ಕಡೆಯಿಂದ ಘಾಟಿ ಇಳಿದು ಮಂಗಳೂರಿಗೆ ಹೋಗುವವರು ಕಡಲತೀರದ ಜೊತೆಗೆ ಈ ಗುಡ್ಡವನ್ನೂ ತಪ್ಪದೆ ನೋಡಿ.