ನಿಂತ ಟ್ರ್ಯಾಕ್ಟರಿನ ಹಳೆಯ ಡೀಸೆಲ್: ಚಾಲೂ ಮಾಡುವ ಮೊದಲು ಬಾಟಲಿಯಲ್ಲಿ ನೋಡಿ



ತಿಕೋಟಾ, ಬಬಲೇಶ್ವರ ಭಾಗದ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಬಿತ್ತಲು ಸಿಗುವ ಹದ ಕೆಲವೇ ದಿನಗಳದ್ದು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಬಿದ್ದು, ನೆಲ ಆರಿ, ಕೂರಿಗೆ ಹೂಡಲು ಬಂದಾಗಲೇ ಬಿತ್ತಬೇಕು. ಆ ಜೋಳದಿಂದ ನಮಗೆ ರೊಟ್ಟಿ, ದನಗಳಿಗೆ ವರ್ಷದ ಕಣಿಕೆ. ಕಣಿಕೆಯ ಬಣವೆ ಸಣ್ಣದಾದ ವರ್ಷ ಸಂಘಕ್ಕೆ ಹಾಕುವ ಹಾಲೂ ಕಡಿಮೆಯಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತಿದ್ದದ್ದೇ. ಆದ್ದರಿಂದ ಹದ ಬಂದ ದಿನ ಟ್ರ್ಯಾಕ್ಟರ್ ಕೈಕೊಟ್ಟರೆ ಅದು ಹೊಲದ ನಷ್ಟ ಮಾತ್ರವಲ್ಲ, ಹಾಲಿನ ನಷ್ಟವೂ ಹೌದು.

ನಮ್ಮ ಊರುಗಳಲ್ಲಿ ಒಂದೆರಡು ವರ್ಷ ನಿಂತೇ ಇರುವ ಟ್ರ್ಯಾಕ್ಟರುಗಳು ಅಪರೂಪವೇನಲ್ಲ. ಮಳೆ ಇಲ್ಲದೆ ಕೆಲಸ ಇರಲಿಲ್ಲ, ಓಡಿಸುವ ಮಗ ದುಡಿಯಲು ಪುಣೆಗೆ ಹೋದ, ಹೊಸ ಟ್ರ್ಯಾಕ್ಟರ್ ಬಂದ ಮೇಲೆ ಹಳೆಯದು ಕೊಟ್ಟಿಗೆಯ ಹಿಂದೆ ನಿಂತಿತು. ಕಾರಣಗಳು ಹಲವು. ಮುಂದೆ ಒಂದು ದಿನ ಅವಸರ ಬೀಳುತ್ತದೆ. ಬ್ಯಾಟರಿ ತಂದು ಕೂಡಿಸಿ, ಟಾಕಿಯಲ್ಲಿ ಇದ್ದ ಹಳೆಯ ಡೀಸೆಲ್ ಮೇಲೆಯೇ ಐದು ಲೀಟರ್ ಹೊಸದನ್ನು ಸುರಿದು ಸೆಲ್ಫ್ ಹೊಡೆಯುತ್ತೇವೆ. ಇಂಜಿನ್ ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಏರ್ ಹಿಡಿದಿದೆ ಎಂದು ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತೇವೆ. ಸಂಜೆ ಮಿಸ್ತ್ರಿ ಬಂದು ಪಂಪು ಬಿಚ್ಚಿ ವಿಜಯಪುರಕ್ಕೆ ಒಯ್ಯಬೇಕು ಎನ್ನುತ್ತಾನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಸರಿಯಾಗಿ ಹೊಂದುತ್ತದೆ. ವರ್ಷಗಟ್ಟಲೆ ನಿಂತಿದ್ದರಿಂದ ಆದ ಹಾನಿ ಸ್ವಲ್ಪ. ಅವಸರದಲ್ಲಿ ಚಾಲೂ ಮಾಡಿದ ಹತ್ತು ನಿಮಿಷದಲ್ಲಿ ಆದ ಹಾನಿ ಹೆಚ್ಚು.

ಡೀಸೆಲ್ ಕೆಡುತ್ತದೆಯೆ?

ಕೆಡುತ್ತದೆ. ಹಾಲಿನಷ್ಟು ಬೇಗ ಅಲ್ಲ, ಆದರೆ ಕೆಡುತ್ತದೆ. ಸಾಧಾರಣವಾಗಿ ಆರು ತಿಂಗಳಿಂದ ಒಂದು ವರ್ಷ ಅದರ ಆಯುಷ್ಯ ಎಂದು ಹೇಳಬಹುದು. ಅದು ಮೂರು ರೀತಿಯಲ್ಲಿ ಕೆಡುತ್ತದೆ.

ಮೊದಲನೆಯದು ಗಾಳಿ ಮತ್ತು ಬಿಸಿಲು. ಗಾಳಿಯಲ್ಲಿನ ಆಮ್ಲಜನಕ ಡೀಸೆಲ್ ಜೊತೆ ಸೇರಿದಾಗ ಅಂಟು ಹುಟ್ಟುತ್ತದೆ. ಡೀಸೆಲ್ ಕಪ್ಪಾಗಿ ವಾರ್ನಿಷಿನಂಥ ವಾಸನೆ ಬರುತ್ತದೆ. ಬಿಸಿ ಹೆಚ್ಚಾದಷ್ಟೂ ಈ ಕ್ರಿಯೆ ಬೇಗ ನಡೆಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ, ಬಯಲಲ್ಲಿ ನಿಂತ ಟ್ರ್ಯಾಕ್ಟರಿನ ಟಾಕಿ ಎಷ್ಟು ಕಾಯುತ್ತದೆ ಎಂಬುದನ್ನು ಮುಟ್ಟಿದವರೇ ಬಲ್ಲರು.

ಎರಡನೆಯದು ನೀರು. ಅರ್ಧ ಖಾಲಿ ಇರುವ ಟಾಕಿ ಹಗಲು ಕಾದು ಗಾಳಿಯನ್ನು ಹೊರಗೆ ಬಿಡುತ್ತದೆ, ರಾತ್ರಿ ತಣ್ಣಗಾಗಿ ಹೊರಗಿನ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ತಣ್ಣನೆಯ ತಗಡಿನ ಮೇಲೆ ಆ ತೇವ ಹನಿಗಟ್ಟಿ ಕೆಳಗೆ ಇಳಿಯುತ್ತದೆ. ಮುಚ್ಚಳದ ವಾಶರ್ ಹರಿದಿದ್ದರೆ ಮಳೆನೀರು ನೇರವಾಗಿಯೇ ಸೇರುತ್ತದೆ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ನೀರು ಅದಕ್ಕಿಂತ ಭಾರ. ಆದ್ದರಿಂದ ಹಾಲಿನ ಮೇಲೆ ಕೆನೆ ತೇಲುವಂತೆ ನೀರಿನ ಮೇಲೆ ಡೀಸೆಲ್ ತೇಲಿ, ನೀರು ಟಾಕಿಯ ತಳದಲ್ಲಿ ಕೂಡುತ್ತದೆ. ಇಂಜಿನ್ನಿಗೆ ಹೋಗುವ ನಳಿಗೆಯೂ ಇರುವುದು ತಳದ ಹತ್ತಿರವೇ.

ಮೂರನೆಯದು ಸೂಕ್ಷ್ಮಜೀವಿಗಳು. ನೀರು ಮತ್ತು ಡೀಸೆಲ್ ಕೂಡುವ ಗಡಿಯಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯುತ್ತವೆ. ಅವು ನೀರಿನಲ್ಲಿ ಬದುಕಿ ಡೀಸೆಲನ್ನು ತಿನ್ನುತ್ತವೆ. ಕಪ್ಪು ಅಥವಾ ಕಂದು ಬಣ್ಣದ ಲೋಳೆ ಕಂಡರೆ ಅದು ಇವುಗಳ ಕೆಲಸ. ಈ ಲೋಳೆ ಫಿಲ್ಟರನ್ನು ಕಟ್ಟಿಹಾಕುತ್ತದೆ. ಇವುಗಳಿಂದ ಹುಟ್ಟುವ ಆಮ್ಲ ಟಾಕಿಯನ್ನು ತಿನ್ನುತ್ತದೆ. ನೀರಿಲ್ಲದಿದ್ದರೆ ಇವು ಬೆಳೆಯಲಾರವು.

ಪಂಪಿಗೆ ಏಕೆ ಅಪಾಯ?

ನಮ್ಮ ಕಡೆ ಇಂದಿಗೂ ಅನೇಕರು ಡೀಸೆಲ್ ಪಂಪನ್ನು ಮೈಕೋ ಪಂಪು ಎಂದೇ ಕರೆಯುತ್ತಾರೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಈ ಪಂಪುಗಳನ್ನು ತಯಾರಿಸಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಚಿಕ್ಕ ಹೆಸರು ಮೈಕೋ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಈ ಪಂಪಿನೊಳಗಿನ ಪ್ಲಂಜರ್ ಮತ್ತು ಅದರ ಕೊಳವೆಯ ನಡುವಿನ ಸಂದು ಕೂದಲೆಳೆಯ ದಪ್ಪದ ಇಪ್ಪತ್ತನೆಯ ಒಂದು ಪಾಲಿನಷ್ಟೂ ಇಲ್ಲ. ಅಲ್ಲಿಗೆ ಬೇರೆ ಎಣ್ಣೆ ಹೋಗುವುದಿಲ್ಲ, ಡೀಸೆಲ್ಲೇ ಅದಕ್ಕೆ ಜಾರಿಕೆ ಕೊಡಬೇಕು. ಡೀಸೆಲ್ ಜಾಗದಲ್ಲಿ ನೀರು ಬಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ. ಅಂಟು ಬಂದರೆ ಪ್ಲಂಜರ್ ಜಾಮ್ ಆಗುತ್ತದೆ. ನೋಜಲ್ಲಿನ ಸೂಜಿಗೂ ಇದೇ ಗತಿ. ಫಿಲ್ಟರಿನ ಬೆಲೆ ನೂರುಗಳಲ್ಲಿ, ಪಂಪಿನ ದುರಸ್ತಿ ಸಾವಿರಗಳಲ್ಲಿ ಎಂಬುದನ್ನು ನೆನಪಿನಲ್ಲಿಡಬೇಕು.

ಬಾಟಲಿ ಪರೀಕ್ಷೆ

ಸಂಘದಲ್ಲಿ ಫ್ಯಾಟು, ಡಿಗ್ರಿ ನೋಡದೆ ಹಾಲನ್ನು ಯಾರೂ ದೊಡ್ಡ ಕ್ಯಾನಿಗೆ ಸುರಿಯುವುದಿಲ್ಲ. ಡೀಸೆಲ್ಲಿಗೂ ಅಂಥದೇ ಒಂದು ಪರೀಕ್ಷೆ ಇದೆ. ಖರ್ಚಿಲ್ಲದ ಪರೀಕ್ಷೆ. ಇದನ್ನು ಮಾಡುವವರೆಗೆ ಕೀಲಿಯನ್ನು ಮುಟ್ಟಬಾರದು, ಹೊಸ ಡೀಸೆಲ್ ಸುರಿಯಬಾರದು.

ಟಾಕಿಯ ತಳದ ಬೋಲ್ಟನ್ನು ನಿಧಾನವಾಗಿ ಸಡಿಲಿಸಿ, ಮೊದಲು ಬರುವ ಅರ್ಧ ಲೀಟರನ್ನು ಸ್ವಚ್ಛವಾದ, ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿ ಹಿಡಿಯಬೇಕು. ಇನ್ನೊಂದು ಬಾಟಲಿಯಲ್ಲಿ ಬಂಕಿನಿಂದ ತಂದ ಹೊಸ ಡೀಸೆಲ್ ಹಾಕಿ ಎರಡನ್ನೂ ಪಕ್ಕಪಕ್ಕದಲ್ಲಿ ಒಂದು ರಾತ್ರಿ ಅಲುಗಾಡದಂತೆ ಇಡಬೇಕು. ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದರೆ ಮೂರರಲ್ಲಿ ಒಂದು ಕಾಣುತ್ತದೆ.

ಒಂದು: ಬಣ್ಣ ಹೊಸದರ ಹಾಗೆಯೇ ಇದೆ, ತಿಳಿಯಾಗಿದೆ, ತಳದಲ್ಲಿ ನೀರಿಲ್ಲ. ಈ ಡೀಸೆಲನ್ನು ಉಪಯೋಗಿಸಬಹುದು. ಆದರೂ ತಳದಿಂದ ಇನ್ನೆರಡು ಲೀಟರ್ ತೆಗೆದು, ಫಿಲ್ಟರ್ ಬದಲಿಸಿ, ಹೊಸ ಡೀಸೆಲ್ ತುಂಬಿಸುವುದು ಕ್ಷೇಮ.

ಎರಡು: ಮೇಲೆ ತಿಳಿ ಇದೆ, ತಳದಲ್ಲಿ ನೀರು ಅಥವಾ ಕಸ ಕೂತಿದೆ. ಟಾಕಿಯನ್ನು ಪೂರ್ತಿ ಖಾಲಿ ಮಾಡಿ, ಆ ಡೀಸೆಲನ್ನು ಒಂದು ಕ್ಯಾನಿನಲ್ಲಿ ಎರಡು ದಿನ ಇಡಬೇಕು. ನಂತರ ಅಲುಗಿಸದೆ ಮೇಲಿನ ತಿಳಿಯನ್ನಷ್ಟೇ ದಟ್ಟ ಬಟ್ಟೆಯಲ್ಲಿ ಸೋಸಿ ತೆಗೆದುಕೊಳ್ಳಬೇಕು. ಒಂದು ಪಾಲು ಹಳೆಯದಕ್ಕೆ ಕನಿಷ್ಠ ನಾಲ್ಕು ಪಾಲು ಹೊಸದನ್ನು ಬೆರೆಸಿ ಖರ್ಚು ಮಾಡಬಹುದು.

ಮೂರು: ಚಹಾದ ಡಿಕಾಕ್ಷನ್ನಿನಂತೆ ಕಪ್ಪಾಗಿದೆ, ವಾರ್ನಿಷ್ ಅಥವಾ ಹುಳಿ ವಾಸನೆ ಇದೆ, ಲೋಳೆ ತೇಲುತ್ತಿದೆ. ಇದನ್ನು ಇಂಜಿನ್ನಿಗೆ ಹಾಕಲೇಬಾರದು. ಐದು ಲೀಟರ್ ಕೆಟ್ಟದ್ದಕ್ಕೆ ಇಪ್ಪತ್ತು ಲೀಟರ್ ಒಳ್ಳೆಯದನ್ನು ಸೇರಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಒಡೆದ ಹಾಲನ್ನು ಒಳ್ಳೆಯ ಹಾಲಿಗೆ ಬೆರೆಸಿದರೆ ಏನಾಗುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಶುದ್ಧಿ ಮಾಡುವ ಕ್ರಮ

ಎರಡನೆಯ ಮತ್ತು ಮೂರನೆಯ ಸ್ಥಿತಿಯಲ್ಲಿ ಟಾಕಿಯನ್ನು ಖಾಲಿ ಮಾಡಿ, ಎರಡು ಲೀಟರ್ ಹೊಸ ಡೀಸೆಲ್ ಹಾಕಿ ಕುಲುಕಿಸಿ ಹೊರಬಿಡಬೇಕು. ಸ್ವಚ್ಛವಾಗಿ ಬರುವವರೆಗೆ ಇದನ್ನು ಮತ್ತೆ ಮಾಡಬೇಕು. ನೀರು, ಸೋಪಿನಿಂದ ತೊಳೆಯಬಾರದು. ಪೆಟ್ರೋಲಿನಿಂದ ತೊಳೆದರೆ ಬೆಂಕಿಯ ಭಯ. ಬೀಡಿ, ಸಿಗರೇಟು ದೂರವಿರಲಿ. ಟಾಕಿಗೆ ವೆಲ್ಡಿಂಗ್ ಬೇಕಾದರೆ ತಿಳಿದ ವರ್ಕ್‌ಶಾಪಿನಲ್ಲೇ ಮಾಡಿಸಬೇಕು.

ಆಮೇಲೆ ನೀರು ಕೂಡುವ ಗಾಜಿನ ಬಟ್ಟಲನ್ನು ಬಿಚ್ಚಿ ಒರೆಸಬೇಕು. ಎರಡು ಫಿಲ್ಟರುಗಳಿದ್ದರೆ ಎರಡನ್ನೂ ಬದಲಿಸಬೇಕು. ಹಳೆಯ ಫಿಲ್ಟರನ್ನು ತೊಳೆದು ಮತ್ತೆ ಹಾಕುವುದು ಉಳಿತಾಯವಲ್ಲ. ರಬ್ಬರ್ ವಾಶರುಗಳೂ ಹೊಸವಿರಲಿ.

ಕೊನೆಗೆ ಗಾಳಿ ತೆಗೆಯಬೇಕು. ಮೊದಲ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾ ಹೋದರೆ ಗುಳ್ಳೆಗಳು ಬರುತ್ತವೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿಯಬೇಕು. ನಂತರ ಎರಡನೆಯ ಫಿಲ್ಟರ್, ಅದಾದ ಮೇಲೆ ಪಂಪು. ಇಷ್ಟಾದ ಮೇಲೂ ಇಂಜಿನ್ ಹಿಡಿಯದಿದ್ದರೆ ನೋಜಲ್ ಪೈಪಿನ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಬಂದೊಡನೆ ಬಿಗಿಯಬೇಕು. ಆಗ ಆ ಪೈಪುಗಳ ಹತ್ತಿರ ಕೈ ಇಡಬಾರದು. ಅಲ್ಲಿನ ಒತ್ತಡ ಟ್ರ್ಯಾಕ್ಟರಿನ ಹಿಂದಿನ ಟೈರಿನ ಗಾಳಿಯ ಒತ್ತಡದ ನೂರು ಪಟ್ಟಿಗಿಂತ ಹೆಚ್ಚು. ಡೀಸೆಲ್ ಚರ್ಮ ತೂರಿ ಒಳಗೆ ಹೋದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಂಪ್ಯೂಟರ್ ನಿಯಂತ್ರಣದ ಹೊಸ ಬಗೆಯ ಇಂಜಿನ್ನುಗಳಲ್ಲಿ ಒತ್ತಡ ಇನ್ನೂ ಹೆಚ್ಚು. ಅವುಗಳನ್ನು ಮನೆಯಲ್ಲಿ ಬಿಚ್ಚದೆ ಕಂಪನಿಯ ಮಿಸ್ತ್ರಿಯನ್ನೇ ಕರೆಸಬೇಕು.

ಚಾಲೂ ಮಾಡುವ ಮೊದಲು ಇಂಜಿನ್ ಆಯಿಲ್, ರೇಡಿಯೇಟರ್ ನೀರು ನೋಡಬೇಕು. ಏರ್ ಕ್ಲೀನರಿನಲ್ಲಿ ಇಲಿ ಗೂಡು ಕಟ್ಟಿದೆಯೆ, ಹೊಗೆ ಕೊಳವೆಯಲ್ಲಿ ಮಳೆನೀರು ಇಳಿದಿದೆಯೆ ಎಂಬುದನ್ನೂ ಪರೀಕ್ಷಿಸಬೇಕು. ಇಂಜಿನ್ ಹಿಡಿದ ಮೇಲೆ ಹದಿನೈದು ನಿಮಿಷ ಭಾರವಿಲ್ಲದೆ ಓಡಲಿ. ಮೊದಲ ಎಂಟು, ಹತ್ತು ಗಂಟೆಯ ಕೆಲಸದ ನಂತರ ಗಾಜಿನ ಬಟ್ಟಲನ್ನು ಮತ್ತೆ ನೋಡಿ. ಟಾಕಿಯ ಗೋಡೆಗೆ ಅಂಟಿದ ಕಸ ಹೊಸ ಡೀಸೆಲ್ಲಿಗೆ ಬಿಟ್ಟುಕೊಂಡು ಬರುವುದುಂಟು.

ದನಗಳನ್ನೂ ಹಾಲನ್ನೂ ಕಾಪಾಡಿ

ನಮ್ಮಲ್ಲಿ ಟ್ರ್ಯಾಕ್ಟರ್ ನಿಲ್ಲುವುದು ಕೊಟ್ಟಿಗೆಯ ಪಕ್ಕದಲ್ಲೇ. ತೆಗೆದ ಹಳೆಯ ಡೀಸೆಲನ್ನು ತೆರೆದ ಬುಟ್ಟಿಯಲ್ಲಿ ಇಟ್ಟು ಮರೆತರೆ ಬಾಯಾರಿದ ಎಮ್ಮೆ, ಆಕಳು ಬಾಯಿ ಹಾಕುವ ಸಂಭವವಿದೆ. ಡೀಸೆಲ್ ಹೊಟ್ಟೆಗಿಂತ ಹೆಚ್ಚಾಗಿ ಶ್ವಾಸಕೋಶಕ್ಕೆ ಅಪಾಯ. ಹೊಟ್ಟೆ ಉಬ್ಬರಿಸಿ ಮೇಲೆ ಬಂದ ಡೀಸೆಲ್ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಹೀಗಾದಾಗ ಮನೆಮದ್ದೆಂದು ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ ಕುಡಿಸಬೇಡಿ. ಪಶುವೈದ್ಯರನ್ನು ಕೂಡಲೇ ಕರೆಸಿ. ಅವರು ಹೇಳುವವರೆಗೆ ಆ ಹಾಲನ್ನು ಸಂಘಕ್ಕೆ ಹಾಕಬಾರದು.

ಉಣ್ಣೆಗೆ, ಗಾಯಕ್ಕೆ ಹಳೆಯ ಡೀಸೆಲ್ ಸವರುವ ರೂಢಿಯನ್ನೂ ಬಿಡಬೇಕು. ಚರ್ಮ ಸುಡುತ್ತದೆ, ದನ ಅದನ್ನು ನೆಕ್ಕುತ್ತದೆ. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಡೀಸೆಲ್ ಮುಟ್ಟಿದ ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯದೆ ಹಿಂಡಲು ಕೂಡಬಾರದು. ಹಾಲಿನ ಕ್ಯಾನನ್ನು ಒಮ್ಮೆಯಾದರೂ ಡೀಸೆಲ್ಲಿಗೆ ಬಳಸಿದರೆ ಅದು ಮತ್ತೆ ಹಾಲಿಗಲ್ಲ.

ಕೆಟ್ಟ ಡೀಸೆಲನ್ನು ಬಾವಿ, ಹಳ್ಳ, ತಿಪ್ಪೆ, ಹೊಲದ ಬದುವಿಗೆ ಸುರಿಯಬಾರದು. ಮುಚ್ಚಳವಿರುವ ಕ್ಯಾನಿನಲ್ಲಿ ಹಾಕಿ, ಹೆಸರು ಬರೆದು, ಹಳೆಯ ಆಯಿಲ್ ಸಂಗ್ರಹಿಸಿ ಪರವಾನಗಿ ಉಳ್ಳವರಿಗೆ ಒಪ್ಪಿಸುವ ವರ್ಕ್‌ಶಾಪಿಗೆ ಕೊಡಬೇಕು.

ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ಡೀಸೆಲ್ಲಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ತೆಳುವಾಗಿ ಸರಿಹೋಗುವುದಿಲ್ಲವೆ?
ಉತ್ತರ: ಇಲ್ಲ. ಸೀಮೆಎಣ್ಣೆಗೆ ಜಾರಿಕೆ ಕಡಿಮೆ, ಪಂಪು ಬೇಗ ಸವೆಯುತ್ತದೆ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬರುತ್ತಿರುವ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲು ಮಾತ್ರ. ಗಂಧಕ ತೆಗೆಯುವಾಗ ಸಹಜ ಜಾರಿಕೆಯೂ ತಗ್ಗುವುದರಿಂದ ಅದನ್ನು ಬೇರೆ ರಾಸಾಯನಿಕದಿಂದ ತುಂಬುತ್ತಾರೆ. ಸೀಮೆಎಣ್ಣೆ ಬೆರೆಸಿ ಅದನ್ನು ಕೆಡಿಸಬಾರದು.

ಪ್ರಶ್ನೆ: ಟ್ರ್ಯಾಕ್ಟರಿಗೆ ಬೇಡವಾದ ಡೀಸೆಲನ್ನು ಮೇವು ಕತ್ತರಿಸುವ ಇಂಜಿನ್ನಿಗೆ ಹಾಕಬಹುದೆ?
ಉತ್ತರ: ಅದಕ್ಕೂ ಪಂಪು, ನೋಜಲ್ ಇವೆ. ಟ್ರ್ಯಾಕ್ಟರಿಗೆ ಆಗದ್ದು ಅದಕ್ಕೂ ಆಗದು.

ಪ್ರಶ್ನೆ: ಡೀಸೆಲ್ ಸಂಗ್ರಹಿಸಲು ಯಾವ ಕ್ಯಾನು ಒಳ್ಳೆಯದು?
ಉತ್ತರ: ಡೀಸೆಲ್ಲಿಗೆಂದೇ ಮಾಡಿದ, ಬಿಗಿ ಮುಚ್ಚಳದ ಕ್ಯಾನು. ಸತುವಿನ ಲೇಪನವಿರುವ ಡಬ್ಬಿ ಬೇಡ. ಸತು ಡೀಸೆಲ್ಲಿನೊಡನೆ ಕೂಡಿ ಫಿಲ್ಟರ್ ಕಟ್ಟುವ ಕಸವಾಗುತ್ತದೆ.

ನಿಲ್ಲಿಸುವಾಗಲೇ ಎಚ್ಚರ

ಟ್ರ್ಯಾಕ್ಟರನ್ನು ಬಹಳ ದಿನ ನಿಲ್ಲಿಸುವುದಾದರೆ ನೆರಳಿನಲ್ಲಿ ನಿಲ್ಲಿಸಿ. ಟಾಕಿ ಪೂರ್ತಿ ತುಂಬಿಸಿಡಿ. ಖಾಲಿ ಜಾಗ ಕಡಿಮೆಯಾದಷ್ಟೂ ನೀರು ಕಡಿಮೆ. ಹೊಗೆ ಕೊಳವೆಗೆ ಡಬ್ಬಿ ಮುಚ್ಚಿ. ತಿಂಗಳಿಗೊಮ್ಮೆ ಡಬ್ಬಿ ತೆಗೆದು, ತಳದ ನೀರು ಬಿಟ್ಟು, ಅರ್ಧ ಗಂಟೆ ಇಂಜಿನ್ ಓಡಿಸಿ. ಡೀಸೆಲ್ ತುಂಬಿದ ತಾರೀಖನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗಿಗೆ ಕಟ್ಟಿ. ಮುಂದೆ ಕೀಲಿ ಹಿಡಿಯುವವರು ನೀವೇ ಆಗಿರಲಿ, ನಿಮ್ಮ ಮಗನೇ ಆಗಿರಲಿ, ಆ ಚೀಟಿ ಅವರನ್ನು ಎಚ್ಚರಿಸುತ್ತದೆ.

ಬಿತ್ತನೆಯ ಹದಕ್ಕೆ ಇನ್ನೂ ಹದಿನೈದು ದಿನ ಇರುವಾಗಲೇ ಬಾಟಲಿ ಪರೀಕ್ಷೆ ಮುಗಿಸಿಕೊಳ್ಳಿ. ಫಿಲ್ಟರ್ ತರಲು, ಬೇಕಾದರೆ ಮಿಸ್ತ್ರಿಯನ್ನು ಕರೆಸಲು ಆಗ ಸಮಯವಿರುತ್ತದೆ. ಮಳೆ ಬಿದ್ದ ಮೇಲೆ ಎಲ್ಲರ ಟ್ರ್ಯಾಕ್ಟರಿಗೂ ಅದೇ ಮಿಸ್ತ್ರಿ ಬೇಕಾಗುತ್ತಾನೆ.